ಅಂಗಳಕ್ಕೊಂದು ತಂಗಡಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಊರುಗಳ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸಿದವರಿಗೆ ಕಾಂಪೌಂಡಿನ ಒಳಗೆ ವರ್ಷವಿಡೀ ಹಸಿರಾಗಿರುವ, ಹಳದಿ ಹೂ ಬಿಡುವ ಗಿಡವೊಂದು ಬೇಕೆನಿಸಿದರೆ ನರ್ಸರಿಯಲ್ಲಿ ಸಿಗುವುದು ಮೂರೋ ನಾಲ್ಕೋ ಗಿಡ. ಗಂಟೆಯಂಥ ಹೂಗೊಂಚಲಿನ ಟೆಕೋಮಾ, ಹಳದಿ ಕಣಗಿಲೆ, ಅಲ್ಲಮಾಂಡ, ಬೇಲಿಗೆಂದು ಕತ್ತರಿಸಿ ನಿಲ್ಲಿಸುವ ಹೊಂಬಣ್ಣದ ಎಲೆಯ ಡುರಾಂಟಾ. ಇವೆಲ್ಲವೂ ಅಮೆರಿಕ ಖಂಡಗಳ ಗಿಡಗಳು. ಅದೇ ಬಡಾವಣೆಯ ಕೊನೆಯ ಸೈಟು ದಾಟಿ ಮಡ್ಡಿಯ ಕಡೆ ನಡೆದರೆ, ಯಾರೂ ನೆಡದ, ಯಾರೂ ನೀರು ಹಾಕದ ತಂಗಡಿ ಗಿಡ ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಕಲ್ಲುಗುಡ್ಡದ ಸಂದಿಯಲ್ಲಿ ಹೊನ್ನಿನ ಬಣ್ಣದ ಹೂ ಹೊತ್ತು ನಿಂತಿರುತ್ತದೆ. ನಾನು ಇಲ್ಲಿ ಹೇಳಹೊರಟಿರುವುದು ಒಂದೇ ಮಾತು: ಈ ನಾಲ್ಕು ಊರುಗಳ ಅಂಗಳಕ್ಕೂ ಹಿತ್ತಲಿಗೂ ಒಪ್ಪುವ ಹಳದಿ ಹೂವಿನ ಗಿಡ ತಂಗಡಿಯೇ. ಹೊರಗೆ ನಿಂತಿರುವ ಅದನ್ನು ನಾವು ಬೇಕೆಂದೇ, ಬೀಜ ಊರಿ, ಒಳಗೆ ಕರೆತರಬೇಕು. ಇದು ಬರೀ ಮಣ್ಣಿನ ಅಭಿಮಾನದಿಂದ ಹುಟ್ಟಿದ ಮಾತೆಂದು ಯಾರಾದರೂ ತಿಳಿದಾರು. ಅಭಿಮಾನ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನೀರಿನ ಲೆಕ್ಕ, ಮಣ್ಣಿನ ಗುಣ, ದುಂಬಿಗಳ ಬದುಕು ಮೂರೂ ಅದೇ ಮಾತನ್ನು ಹೇಳುತ್ತವೆ.

ಮೊದಲು ಗಿಡದ ಗುರುತು ಖಚಿತವಾಗಬೇಕು, ಏಕೆಂದರೆ ಹಳದಿ ಹೂವಿನ ಇದೇ ಬಳಗದ ಗಿಡಗಳು ನಮ್ಮಲ್ಲಿ ಹಲವಿವೆ. ಬೇಸಿಗೆಯಲ್ಲಿ ಎಲೆಯುದುರಿಸಿ ಉದ್ದದ ಗೊಂಚಲು ಇಳಿಬಿಡುವ ಕಕ್ಕೆ ಒಂದು ಮರ. ಮಳೆ ಬಿದ್ದಾಗ ತಿಪ್ಪೆಯ ಸುತ್ತ ಎದ್ದು ಕೆಲವೇ ತಿಂಗಳಲ್ಲಿ ಒಣಗುವ ಚಗಚೆ ಒಂದು ಕಳೆ. ತಂಗಡಿ ಇವೆರಡರ ನಡುವಿನದು. ಆಳೆತ್ತರ, ಹೆಚ್ಚೆಂದರೆ ಅದರ ಒಂದೂವರೆ ಪಟ್ಟು ಬೆಳೆದು ಬುಡದಿಂದಲೇ ಕವಲೊಡೆಯುವ, ಎಂಟು ಹತ್ತು ವರ್ಷ ಸುಲಭವಾಗಿ ಬಾಳುವ ಪೊದೆ. ಆವರಿಕೆ, ಹೊನ್ನಾವರಿಕೆ, ತಂಗಟೆ ಎಂದು ಸೀಮೆಗೊಂದು ಹೆಸರು. ಲಿನೇಯಸ್ 1753ರಲ್ಲಿ ಇದನ್ನು ಕ್ಯಾಸಿಯಾ ಕುಲಕ್ಕೆ ಸೇರಿಸಿದ್ದ. ಇಂದಿನ ಸಸ್ಯಶಾಸ್ತ್ರ ಸೆನ್ನಾ ಆರಿಕ್ಯುಲೇಟಾ ಎನ್ನುತ್ತದೆ. ಗುರುತು ಹಿಡಿಯಲು ಹೂ ಬೇಕಿಲ್ಲ. ಎಲೆಯ ತೊಟ್ಟು ಕಾಂಡಕ್ಕೆ ಸೇರುವಲ್ಲಿ ಎರಡೂ ಬದಿಗೆ ಕಿವಿಯಂತೆ ದುಂಡಗೆ ಚಾಚಿದ ಪುಟ್ಟ ಎಲೆಗಳನ್ನು ನೋಡಿದರೆ ಸಾಕು. ಇಷ್ಟು ದೊಡ್ಡ ಕಿವಿಗಳು ನಮ್ಮ ಕಡೆಯ ಬೇರೆ ಚಗಚೆ ಜಾತಿಗಳಿಗಿಲ್ಲ. ಒಂದೊಂದು ಎಲೆಯಲ್ಲೂ ಎಂಟರಿಂದ ಹನ್ನೆರಡು ಜೋಡಿ ಕಿರುಎಲೆಗಳು, ಪ್ರತಿ ಜೋಡಿಯ ನಡುವೆ ಕಡ್ಡಿಯಂತೆ ನಿಂತ ಸಣ್ಣದೊಂದು ಗ್ರಂಥಿ. ಹೂವಿಗೆ ಐದು ದಳ, ಅಂಚು ಸುಕ್ಕುಗಟ್ಟಿದಂತೆ, ಮೈಮೇಲೆ ಕಿತ್ತಳೆ ಬಣ್ಣದ ಗೆರೆ. ಕಾಯಿ ಚಪ್ಪಟೆ, ಒಣಗಿದಾಗ ಕಾಗದದಷ್ಟು ತೆಳು, ಕಂದು.

ಈಗ ನೀರಿನ ಮಾತು. ಕೊಪ್ಪಳ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಅದರಲ್ಲೂ ಹೆಚ್ಚಿನದು ಜೂನಿನಿಂದ ಅಕ್ಟೋಬರಿನೊಳಗೆ, ಅದೂ ಕೆಲವೇ ದಿನಗಳ ಜೋರು ಮಳೆಯಲ್ಲಿ ಬಂದು ಹೋಗುತ್ತದೆ. ಉಳಿದ ಏಳು ತಿಂಗಳು ಗಿಡವೊಂದು ಬದುಕಬೇಕಾದರೆ ಒಂದೋ ಆಳಕ್ಕೆ ಬೇರು ಬಿಡಬೇಕು, ಇಲ್ಲವೇ ಮನೆಯವರು ಕೊಡದಲ್ಲಿ ಹೊತ್ತು ಹಾಕಬೇಕು. ನೂರು ಚದರ ಅಡಿಯ ಹುಲ್ಲುಹಾಸನ್ನು ಬೇಸಿಗೆಯಲ್ಲಿ ಹಸಿರಾಗಿಡಲು ದಿನಕ್ಕೆ ಐದು ಮಿಲಿಮೀಟರ್ ನೀರೆಂದು ಹಿಡಿದರೂ ಸುಮಾರು 46 ಲೀಟರ್ ಬೇಕು, ಅಂದರೆ ಮೂರು ಕೊಡ. ನಳದ ನೀರು ದಿನ ಬಿಟ್ಟು ದಿನವೋ ವಾರಕ್ಕೊಮ್ಮೆಯೋ ಬರುವ ಓಣಿಯಲ್ಲಿ ಆ ಮೂರು ಕೊಡ ಒಬ್ಬರ ಸ್ನಾನ, ಒಂದು ಮನೆಯ ಅಡುಗೆ, ಪಾತ್ರೆ. ಕುಷ್ಟಗಿ, ಯಲಬುರ್ಗಾ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲವು ಕಡೆ ಉಪ್ಪಿನ ಅಂಶವೂ ಸೇರಿ ಗುಲಾಬಿ, ಮಲ್ಲಿಗೆಯಂಥ ಮೆತ್ತನೆಯ ಗಿಡಗಳ ಎಲೆಯಂಚು ಸುಟ್ಟಂತಾಗುವುದು ಅಲ್ಲಿನ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ತಂಗಡಿ ಈ ಹೊರೆಯನ್ನು ಮನೆಯವರ ಮೇಲೆ ಹೊರಿಸುವುದಿಲ್ಲ. ತಾಯಿಬೇರು ಮೊದಲ ವರ್ಷವೇ ಕೆಳಕ್ಕೆ ಇಳಿಯುತ್ತದೆ. ಮೊದಲೆರಡು ಬೇಸಿಗೆ ಅಷ್ಟಿಷ್ಟು ನೀರು ಕೊಟ್ಟರೆ ಆಮೇಲೆ ಮಳೆಯೇ ಸಾಕು. ಏಪ್ರಿಲ್ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟಿ ಸುತ್ತಲಿನ ಬಯಲು ಬೂದಿಬಣ್ಣಕ್ಕೆ ತಿರುಗಿದಾಗಲೂ ಅದರ ಮೇಲೆ ಎಲೆ ಇರುತ್ತದೆ. ಬಿಸಿಲುನಾಡಿನ ತೋಟದಲ್ಲಿ ನಿತ್ಯಹಸಿರಿಗಿರುವ ಬೆಲೆ ಮಲೆನಾಡಿನವರ ಅಂದಾಜಿಗೆ ಸಿಗುವಂಥದ್ದಲ್ಲ.

ಮಣ್ಣಿನ ವಿಚಾರದಲ್ಲಿ ನಾಲ್ಕು ಊರುಗಳೂ ಒಂದೇ ಅಲ್ಲ. ಕೊಪ್ಪಳದ ಸುತ್ತ ಗುಂಡುಗಲ್ಲಿನ ಗುಡ್ಡಗಳ ಕೆಳಗಿನ ಮಸಾರಿ, ಗರಸುಮಣ್ಣು. ಯಲಬುರ್ಗಾ, ಕುಷ್ಟಗಿಗಳಲ್ಲಿ ಎರಿಯೂ ಇದೆ, ಮಸಾರಿಯೂ ಇದೆ. ತಂಗಡಿಗೆ ಎರಡೂ ಆಗುತ್ತದೆ. ನೀರು ನಿಲ್ಲಬಾರದು, ಅಷ್ಟೇ. ಹಾಗಾದರೆ ಗಂಗಾವತಿ? 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಹರಿಯತೊಡಗಿದ ಮೇಲೆ ಅದು ಭತ್ತದ ಕಣಜವಾಯಿತು. ಜೊತೆಗೆ ಕಾಲುವೆಯ ಕೆಳಗಿನ ಎಷ್ಟೋ ಹೊಲಗಳು ಜವುಳಾದವು, ಸವುಳು ಎದ್ದಿತು. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವುಳು ಮಣ್ಣಿನ ನಿರ್ವಹಣೆಯ ಅಖಿಲ ಭಾರತ ಯೋಜನೆಯದೇ ಒಂದು ಘಟಕವಿದೆ ಎಂದರೆ ತೊಂದರೆಯ ಆಳ ತಿಳಿಯುತ್ತದೆ. ಕಾಲುವೆ ಸೀಮೆಯಲ್ಲಿ ತಂಗಡಿಯ ವಾದ ಸೋಲುತ್ತದೆ ಎಂದು ಮೇಲುನೋಟಕ್ಕೆ ಅನ್ನಿಸಬಹುದು. ಅರ್ಧ ನಿಜ. ಜವುಳು ನೆಲದಲ್ಲಿ ಅದರ ಬೇರು ಕೊಳೆಯುತ್ತದೆ. ಅಂಥಲ್ಲಿ ಮಣ್ಣು ಏರಿಸಿ ದಿಬ್ಬ ಮಾಡಿ ನೆಡಬೇಕು, ಅದೂ ಆಗದಿದ್ದರೆ ಬಿಟ್ಟುಬಿಡಬೇಕು. ಉಳಿದರ್ಧ ಬೇರೆ ಕಥೆ. ದಕ್ಷಿಣ ಭಾರತದ ಭತ್ತದ ಸೀಮೆಗಳಲ್ಲಿ ತಂಗಡಿಯ ಸೊಪ್ಪನ್ನು ಗದ್ದೆಗೆ ತುಳಿಯುವ ಹಸಿರುಗೊಬ್ಬರವಾಗಿ ಬಳಸುತ್ತಿದ್ದರು, ಕ್ಷಾರ ಕೂಡಿದ ನೆಲವನ್ನು ಹದಕ್ಕೆ ತರಲು ಅದನ್ನೇ ಹುಡುಕಿ ಹೊರುತ್ತಿದ್ದರು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು. ತಂಗಡಿ ಕಾಯಿಜಾತಿಯ ಗಿಡವಾದ್ದರಿಂದ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ ಎನ್ನುವವರುಂಟು. ಸೆನ್ನಾ ಕುಲಕ್ಕೆ ಆ ಶಕ್ತಿ ಇಲ್ಲ. ಅದರ ಸೊಪ್ಪಿನ ಗುಣ ಆಳದ ಮಣ್ಣಿನಿಂದ ಎತ್ತಿ ತಂದ ಸತ್ವದ್ದು. ಗಿಡದ ಪರ ವಾದಿಸುವವರು ಅದಕ್ಕೆ ಇಲ್ಲದ ಗುಣವನ್ನು ಅಂಟಿಸಿದರೆ ಇರುವ ಗುಣಕ್ಕೂ ನಂಬಿಕೆ ಸಿಗುವುದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ಪುರಾವೆ ಇರುವುದು ಹೂವಿನೊಳಗೆ. ತಂಗಡಿಯ ಹೂವಿನಲ್ಲಿ ಮಕರಂದವಿಲ್ಲ, ಇರುವುದು ಪರಾಗ ಮಾತ್ರ. ಆ ಪರಾಗವೂ ಬೇರೆ ಹೂಗಳಂತೆ ಮೈಮೇಲೆ ಪುಡಿಯಾಗಿ ಹರಡಿರುವುದಿಲ್ಲ. ಹತ್ತು ಕೇಸರಗಳಲ್ಲಿ ಮೇಲಿನ ಮೂರು ಬಂಜೆ. ಉಳಿದವು ಗಟ್ಟಿ ಕೊಳವೆಗಳು, ತುದಿಯಲ್ಲಿ ಸಣ್ಣ ರಂಧ್ರ. ಈ ಕೊಳವೆಯಿಂದ ಪರಾಗ ಹೊರಬರಬೇಕಾದರೆ ದುಂಬಿ ಅದನ್ನು ಕಾಲಿನಿಂದ ತಬ್ಬಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಅದುರಿಸಿ, ಗುಂಯ್‌ಗುಡುತ್ತಾ ಇಡೀ ಹೂವನ್ನು ನಡುಗಿಸಬೇಕು. ಆಗ ಪರಾಗ ಚಿಮ್ಮುತ್ತದೆ. ನಡುವಿನ ಗಿಡ್ಡ ಕೇಸರಗಳ ಪರಾಗ ದುಂಬಿಯ ಊಟಕ್ಕೆ. ಕೆಳಗಿನ ಉದ್ದನೆಯ ಕೇಸರಗಳದು ಅದರ ಮೈಗೆ ಅಂಟಿಕೊಂಡು ಮುಂದಿನ ಹೂವಿಗೆ ಹೋಗಲಿಕ್ಕೆ. ನಾವು ಪೆಟ್ಟಿಗೆಯಲ್ಲಿ ಸಾಕುವ ಜೇನುನೊಣಕ್ಕೆ ಈ ಕಲೆ ಬರುವುದಿಲ್ಲ. ಒಣಗಿದ ತೊಲೆ, ಬಿದಿರಿನಲ್ಲಿ ತೂತು ಕೊರೆದು ಮನೆ ಮಾಡುವ ಕಪ್ಪು ಬಡಿಗ ದುಂಬಿಗೆ, ಇನ್ನೂ ಕೆಲವು ಒಂಟಿ ಜೇನುಗಳಿಗೆ ಮಾತ್ರ ಬರುತ್ತದೆ. ಈಗ ಹಿತ್ತಲಿನ ಬದನೆ ಮತ್ತು ಟೊಮೆಟೊ ಹೂವನ್ನು ನೆನೆಯಿರಿ. ಅವುಗಳ ಕೇಸರವೂ ತುದಿಯಲ್ಲಿ ಬಾಯಿ ಇರುವ ಕೊಳವೆಗಳೇ. ಅವು ತಮ್ಮಷ್ಟಕ್ಕೆ ಕಾಯಿ ಕಟ್ಟಬಲ್ಲವು, ನಿಜ. ಆದರೆ ದುಂಬಿ ಬಂದು ಅದುರಿಸಿದರೆ ಕಾಯಿ ಹೆಚ್ಚು ನಿಲ್ಲುತ್ತದೆ, ದಪ್ಪಗೆ ತುಂಬುತ್ತದೆ. ಬದನೆ ಗಿಡ ಹೂ ಬಿಡುವುದು ಕೆಲವೇ ತಿಂಗಳು. ಉಳಿದ ಕಾಲ ಆ ದುಂಬಿಗಳಿಗೆ ಊರಿನೊಳಗೆ ಊಟವೆಲ್ಲಿ? ಮಳೆಗಾಲದ ನಡುವಿನಿಂದ ಚಳಿಗಾಲದವರೆಗೆ ತುಂಬ, ಮಿಕ್ಕ ತಿಂಗಳುಗಳಲ್ಲೂ ಅಲ್ಲೊಂದು ಇಲ್ಲೊಂದು ಹೂ ಬಿಡುವ ತಂಗಡಿ ಅಂಗಳದಲ್ಲಿದ್ದರೆ ಅವು ಅಲ್ಲೇ ಸುತ್ತಮುತ್ತ ಉಳಿಯುತ್ತವೆ. ಹೋಳಿಗೆಗೆ ಬೇಳೆ ಕೊಡುವ ತೊಗರಿಯ ಹೂವಿಗೂ ಬರುವುದು ಇದೇ ಬಡಿಗ ದುಂಬಿ. ಎಣ್ಣೆಗಾಯಿಗೆ ಬದನೆ ಬಿಡಿಸುವ ಹಿತ್ತಲಲ್ಲಿ ತಂಗಡಿಗೊಂದು ಮೂಲೆ ಕೊಡುವುದು ಅಲಂಕಾರದ ಮಾತಾಗಿ ಉಳಿಯದೆ ಒಕ್ಕಲುತನದ ಮಾತಾಗುವುದು ಹೀಗೆ.

ಇದಕ್ಕೆ ಎದುರು ಹೇಳುವವರು ಟೆಕೋಮಾದಲ್ಲಿ ಮಕರಂದ ಧಾರಾಳವಾಗಿದೆ, ಸೂರಕ್ಕಿಯೂ ಬರುತ್ತದೆ ಎನ್ನುತ್ತಾರೆ. ಒಪ್ಪಬೇಕಾದ ಮಾತು. ಹೂವಿನ ಊಟದ ಲೆಕ್ಕದಲ್ಲಿ ಟೆಕೋಮಾ ಬಡವಿಯಲ್ಲ. ಆದರೆ ಗಿಡವೊಂದು ಕೊಡುವ ಊಟ ಹೂವಿನದಷ್ಟೇ ಅಲ್ಲ, ಎಲೆಯದೂ ಹೌದು. ತಿಳಿಹಸಿರು ಛಾಯೆಯ ಬಿಳಿ ಪಾತರಗಿತ್ತಿ ಕ್ಯಾಟಾಪ್ಸಿಲಿಯಾ, ಅಂಗೈಯೊಳಗೆ ಅಡಗುವಷ್ಟು ಚಿಕ್ಕ ಹಳದಿ ಯುರೇಮಾ, ಇವು ಮೊಟ್ಟೆಯಿಡಲು ಹುಡುಕುವುದು ಸೆನ್ನಾ ಮತ್ತು ಅದರ ಹತ್ತಿರದ ಬಳಗದ ಎಲೆಯನ್ನು. ಟೆಕೋಮಾದ ಎಲೆ ಅವುಗಳ ಮರಿಗೆ ಆಹಾರವಲ್ಲ. ಹೀಗಾಗಿ ಟೆಕೋಮಾ ಇರುವ ತೋಟಕ್ಕೆ ಪಾತರಗಿತ್ತಿ ಬಂದು ಹೋಗಬಹುದು, ಅಲ್ಲಿ ಹುಟ್ಟಲಾರದು. ಇದನ್ನು ಹೇಳಿದ ಕೂಡಲೇ ಮುಂದಿನ ಆಕ್ಷೇಪ ಬರುತ್ತದೆ: ಹಾಗಾದರೆ ಗಿಡದ ತುಂಬ ಹುಳ ಆಗುತ್ತದೆಯಲ್ಲ? ಆಗುತ್ತದೆ. ಮಳೆಗಾಲದಲ್ಲಿ ಕೆಲವು ಟೊಂಗೆಗಳ ಎಲೆ ಪೂರ್ತಿ ಹೋಗಿ ನರ ಮಾತ್ರ ಉಳಿಯುವುದುಂಟು. ಈ ಹಸಿರು ಹುಳಗಳಿಗೆ ಚುಚ್ಚುವ ರೋಮವಿಲ್ಲ, ಮೈಗೆ ತಾಗಿದರೆ ತುರಿಸುವುದಿಲ್ಲ, ಬದನೆಗೋ ಮೆಣಸಿನಕಾಯಿಗೋ ದಾಟುವುದೂ ಇಲ್ಲ. ಎಲೆಯ ನಡುವಿನ ಗ್ರಂಥಿಗಳ ರಸಕ್ಕೆ ಬರುವ ಇರುವೆಗಳು, ಮರಿಗೆ ಹುಳ ಒಯ್ಯುವ ಕಣಜಗಳು, ಗುಬ್ಬಚ್ಚಿ, ಪಿಕಳಾರ ಒಂದಷ್ಟನ್ನು ತಿಂದು ಹಾಕುತ್ತವೆ. ಎರಡು ವಾರದಲ್ಲಿ ಗಿಡ ಮತ್ತೆ ಚಿಗುರುತ್ತದೆ. ಎಲೆಗೊಂದು ತೂತೂ ಇಲ್ಲದ ಗಿಡವೇ ಚೆಂದವೆಂಬ ರುಚಿಯನ್ನು ನಾವು ನರ್ಸರಿಗಳಿಂದ ಕಲಿತಿದ್ದೇವೆ. ಆ ರುಚಿಯನ್ನು ಬದಲಿಸಿಕೊಳ್ಳಬೇಕೆಂದೇ ನನ್ನ ಒತ್ತಾಯ.

ಇಷ್ಟೆಲ್ಲ ಗುಣವಿರುವ ಗಿಡ ನಮ್ಮ ಅಂಗಳಕ್ಕೆ ಏಕೆ ಬರಲಿಲ್ಲ? ಹಿಂದೆ ತಂಗಡಿಯನ್ನು ಜನ ಕಂಡದ್ದು ಕಸುಬಿನ ಸರಕಾಗಿ. ಅದರ ತೊಗಟೆಯಲ್ಲಿ ನೂರಕ್ಕೆ ಹದಿನೆಂಟರಷ್ಟು ಒಗರು, ಅಂದರೆ ಟ್ಯಾನಿನ್ ಇರುತ್ತದೆ. ಈ ಒಗರಿನಲ್ಲಿ ನೆನೆದ ತೊಗಲು ಕೊಳೆಯದೆ, ಮೆದುವಾಗಿ, ತಿಳಿಬಣ್ಣಕ್ಕೆ ಹದಗೊಳ್ಳುತ್ತದೆ. ಬಾವಿಯಿಂದ ಎತ್ತುಗಳು ಎಳೆಯುತ್ತಿದ್ದ ಕಪಲೆಯ ತೊಗಲ ಚೀಲ, ಬಾರುಕೋಲು, ಕಾಲಿನ ಕೆರ ಎಲ್ಲಕ್ಕೂ ಈ ಹದವೇ ಮೂಲ. ಮದ್ರಾಸಿನ ತೊಗಲು ವ್ಯಾಪಾರ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದದ್ದು ಮುಖ್ಯವಾಗಿ ಇದೇ ತೊಗಟೆಯ ಮೇಲೆ. ಮೊದಲ ಮಹಾಯುದ್ಧದ ಕಾಲಕ್ಕೆ ಬ್ರಿಟಿಷ್ ಸೇನೆಯ ಬೂಟುಗಳ ಮೇಲ್ಭಾಗಕ್ಕೆ ಅಲ್ಲಿಂದ ಹಡಗುಗಟ್ಟಲೆ ತೊಗಲು ಹೋಯಿತು. ಆಮೇಲೆ ದಕ್ಷಿಣ ಆಫ್ರಿಕದ ವಾಟಲ್ ಮರದ ತೊಗಟೆ ಅಗ್ಗಕ್ಕೆ ಬಂತು, ಕ್ರೋಮ್ ರಾಸಾಯನಿಕ ಬಂತು, ತಂಗಡಿ ಮಾರುಕಟ್ಟೆಯಿಂದ ಹೊರಬಿತ್ತು. ನಮ್ಮ ಹಳ್ಳಿಗಳಲ್ಲಿ ತೊಗಲು ಹದ ಮಾಡುವ ಕೆಲಸ ಸಮಗಾರರ, ಮಾದಿಗರ ಕೇರಿಗಳಿಗೆ ಮೀಸಲಾಗಿತ್ತು, ಆ ಕೇರಿಗಳು ಊರ ಹೊರಗಿದ್ದವು. ಕೆಲಸವನ್ನೂ ಕೆಲಸಗಾರರನ್ನೂ ದೂರವಿಟ್ಟ ಊರು ಆ ಕೆಲಸದ ಗಿಡವನ್ನೂ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಇದು ಊಹೆ. ಆದರೂ ತುಳಸಿ, ದಾಸವಾಳ, ಕಣಗಿಲೆಗಳಿಗೆ ಅಂಗಳದಲ್ಲಿ ಸ್ಥಾನ ಸಿಕ್ಕು, ಅವುಗಳಿಗಿಂತ ಕಡಿಮೆ ಬೇಡುವ ತಂಗಡಿ ಬೇಲಿಯಾಚೆಯೇ ಉಳಿದದ್ದನ್ನು ಚೆಂದ-ಕುರೂಪಗಳ ಲೆಕ್ಕದಿಂದ ಮಾತ್ರ ವಿವರಿಸಲು ಬರುವುದಿಲ್ಲ. ಸಮಗಾರನ ಅರಿವಿನಲ್ಲಿ ಈ ಗಿಡ ಪಡೆದಿದ್ದ ಗೌರವ ನಮ್ಮ ತೋಟಗಾರಿಕೆಯ ಅರಿವಿಗೂ ಬರಬೇಕು.

ನೆರೆಯವರು ಈ ವಿಚಾರದಲ್ಲಿ ನಮಗಿಂತ ಮುಂದೆ ಹೋಗಿದ್ದಾರೆ. ತೆಲಂಗಾಣ ರಾಜ್ಯ ಹುಟ್ಟಿದ ವರ್ಷವೇ, 2014ರಲ್ಲಿ, ತಂಗೇಡು ಹೂವನ್ನು ರಾಜ್ಯದ ಹೂವೆಂದು ಸಾರಿತು. ಅಲ್ಲಿ ಮಹಾಲಯ ಅಮಾವಾಸ್ಯೆಗೆ ಮೊದಲಾಗುವ ಬತುಕಮ್ಮ ಹಬ್ಬದ ಹೂಗೋಪುರಕ್ಕೆ ಅದಿಲ್ಲದೆ ನಡೆಯದು. ತಮಿಳುನಾಡಿನಲ್ಲಿ ಪೊಂಗಲ್ ಹೊತ್ತಿಗೆ ಬೇವಿನ ಸೊಪ್ಪಿನ ಜೊತೆ ಆವಾರಂ ಹೂವನ್ನು ಮನೆಗೂ ಹೊಲಕ್ಕೂ ಕಟ್ಟುತ್ತಾರೆ. ಕೊಪ್ಪಳ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ತೆಲಂಗಾಣದ ಆ ಊರುಗಳೂ ನಮ್ಮ ಊರುಗಳೂ ಒಂದೇ ಆಡಳಿತದ ಕೆಳಗೆ, ಹೆಚ್ಚುಕಡಿಮೆ ಒಂದೇ ಬಿಸಿಲಿನಲ್ಲಿ ಬೆಂದವು. ಹೂವಿಗೆ ಪೂಜೆಯ ಮಾನ್ಯತೆ ಬೇಕೆನ್ನುವವರು, ಹಳದಿ ಕಣಗಿಲೆ ಶಿವನಿಗೆ ಏರುತ್ತದೆ, ತಂಗಡಿ ಏರುವುದಿಲ್ಲ ಎನ್ನುವವರು ಇದನ್ನು ಗಮನಿಸಬೇಕು. ಕನ್ನಡದ ಬಯಲುಸೀಮೆಯಲ್ಲೂ ದೀಪಾವಳಿಗೆ ಸಗಣಿಯಿಂದ ಮಾಡಿ ಕೂರಿಸುವ ಪಾಂಡವರಿಗೆ, ಹಟ್ಟಿಯ ಲಕ್ಕವ್ವನಿಗೆ ಉತ್ತರಾಣಿ ಕಡ್ಡಿಯೊಡನೆ ಸಿಕ್ಕಿಸುವ ಅಡವಿ ಹೂಗಳಲ್ಲಿ ಹೊನ್ನಾವರಿಕೆ ಇದ್ದೇ ಇದೆ. ಅಮೆರಿಕ ಖಂಡದಿಂದ ಬಂದ ಹಳದಿ ಕಣಗಿಲೆ ಶಿವನ ಹೂವಾಗಬಹುದಾದರೆ ನೆಲದ ಹೂವಿಗೆ ತಡೆಯೇನು? ಇನ್ನೊಂದನ್ನು ಮನೆಯ ಹಿರಿಯರು ಮರೆಯಬಾರದು. ಹಳದಿ ಕಣಗಿಲೆಯ ಬೇರು, ತೊಗಟೆ, ಎಲೆ, ಬೀಜ ಎಲ್ಲವೂ ಹೃದಯದ ಬಡಿತ ಕೆಡಿಸುವ ಕಡು ವಿಷ. ಕೂಸುಗಳು ತೆವಳುವ ಅಂಗಳಕ್ಕೆ ಅದನ್ನು ನೆಡುವುದು ನನಗೆ ಒಪ್ಪಿಗೆಯಿಲ್ಲ.

ಹೊರಗಿನಿಂದ ಬಂದ ಗಿಡವೆಲ್ಲ ಕೆಟ್ಟದ್ದೇ ಎಂಬುದು ನನ್ನ ವಾದವಲ್ಲ. ಹಾಗೆ ಹೊರಟರೆ ಮೆಣಸಿನಕಾಯಿ, ಟೊಮೆಟೊ, ಶೇಂಗಾ, ಕುಷ್ಟಗಿಯ ರೈತರು ನಂಬಿ ಸಾಲ ಮಾಡಿ ಬೆಳೆದ ದಾಳಿಂಬೆ ಎಲ್ಲವನ್ನೂ ಕಿತ್ತೊಗೆಯಬೇಕಾಗುತ್ತದೆ. ನಾನು ಕೇಳುವ ಪ್ರಶ್ನೆ ಬೇರೆ: ಈ ಗಿಡ ಕಾಂಪೌಂಡು ದಾಟಿದರೆ ಏನಾಗುತ್ತದೆ? ಬಳ್ಳಾರಿ ಜಾಲಿ ದಾಟಿದ್ದರ ಫಲ ಈ ಜಿಲ್ಲೆಯ ಪ್ರತಿ ಹಳ್ಳ, ಪ್ರತಿ ಕೆರೆಯ ಅಂಗಳ ಹೇಳುತ್ತದೆ. ತಂಗಡಿಯದೇ ಕುಲದ, ಅಷ್ಟೇ ಚೆಂದದ ಹಳದಿ ಹೂವಿನ ಸೆನ್ನಾ ಸ್ಪೆಕ್ಟಬಿಲಿಸ್ ಎಂಬ ಅಮೆರಿಕದ ಮರವನ್ನು ಅಂದಕ್ಕೆಂದೂ ನೆರಳಿಗೆಂದೂ ತಂದು ನೆಟ್ಟರು. ಈಗ ಅದು ವಯನಾಡು, ಮುದುಮಲೆ, ಬಂಡೀಪುರದ ಕಾಡುಗಳಲ್ಲಿ ದಟ್ಟವಾಗಿ ಹಬ್ಬಿ, ಕೆಳಗೆ ಹುಲ್ಲು ಬೆಳೆಯಗೊಡದಿರುವುದರಿಂದ ಅರಣ್ಯ ಇಲಾಖೆಗಳು ಬುಡಸಮೇತ ಕೀಳುವ ಕೆಲಸಕ್ಕೆ ಇಳಿದಿವೆ. ಟೆಕೋಮಾದ ಬೀಜಕ್ಕೆ ಪಾರದರ್ಶಕ ರೆಕ್ಕೆಯಿದೆ, ಗಾಳಿಯಲ್ಲಿ ಹಾರುತ್ತದೆ. ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಗಳಲ್ಲಿ ಅದು ಈಗಾಗಲೇ ಕಳೆಯೆಂದು ಹೆಸರು ಮಾಡಿದೆ. ನಮ್ಮಲ್ಲಿ ಇನ್ನೂ ಅಂಥ ದಾಂಧಲೆ ಎಬ್ಬಿಸಿಲ್ಲ ಎನ್ನುವುದು ನೆಮ್ಮದಿಯ ಮಾತು, ಖಾತರಿಯ ಮಾತಲ್ಲ. ತಂಗಡಿ ಕಾಂಪೌಂಡು ದಾಟಿದರೆ ಸೇರುವುದು ತನ್ನದೇ ಬಯಲಿಗೆ, ಅಲ್ಲಿ ಅದನ್ನು ತಿನ್ನುವ ಹುಳವೂ ಅದರೊಡನೆ ಪೈಪೋಟಿ ಮಾಡುವ ಗಿಡವೂ ಮೊದಲಿನಿಂದಲೇ ಇವೆ.

ಎಲ್ಲೆಡೆ ಸಿಗುವ ಗಿಡವನ್ನು ಮನೆಯಲ್ಲಿ ಬೆಳೆಸುವುದೇಕೆ ಎಂಬುದು ಹೆಚ್ಚು ಜನ ಎತ್ತುವ ಆಕ್ಷೇಪ. ಎಲ್ಲೆಡೆ ಸಿಗುತ್ತಿದೆ ಎಂಬುದು ಮೆಲ್ಲಗೆ ಸುಳ್ಳಾಗುತ್ತಿದೆ. ಮಡ್ಡಿ ಎಂದರೆ ಕಂದಾಯದ ಕಾಗದದಲ್ಲಿ ಬಂಜರು. ಬಂಜರು ಎಂದರೆ ಸೈಟು, ಕ್ವಾರಿ, ಕಾರ್ಖಾನೆ, ಸೋಲಾರ್ ಫಲಕ ಯಾವುದಕ್ಕಾದರೂ ಆಗುವ ಜಾಗ. ಹೊಲದ ಬದುಗಳು ಟ್ರ್ಯಾಕ್ಟರಿನ ಕಾಲದಲ್ಲಿ ವರ್ಷವರ್ಷಕ್ಕೂ ಕಿರಿದಾಗುತ್ತಿವೆ. ದನಕರು ಬಾಯಿ ಹಾಕದೆ ಬಿಡುವ ಗಿಡವಾದ್ದರಿಂದ ಇಷ್ಟು ದಿನ ಉಳಿಯಿತು. ಜೆಸಿಬಿಗೆ ಅಂಥ ಆಯ್ಕೆಯಿಲ್ಲ. ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲನ್ನು ತೋಳಗಳಿಗೆಂದು ಕಾದಿರಿಸಿದ್ದು ದೊಡ್ಡ ಸಮಾಧಾನದ ಸಂಗತಿ, ಕುರುಚಲು ಕಾಡೂ ಕಾಡೇ ಎಂದು ಸರ್ಕಾರ ಒಪ್ಪಿಕೊಂಡ ಅಪರೂಪದ ಸಂದರ್ಭ ಅದು. ಆದರೆ ಕಾದಿರಿಸಿದ ಕೆಲವು ನೂರು ಎಕರೆಯಲ್ಲಿ ಜಿಲ್ಲೆಯ ಎಲ್ಲ ದುಂಬಿ, ಪಾತರಗಿತ್ತಿಗಳು ಬದುಕಲಾರವು. ಮನೆ ಮನೆಯ ಅಂಗಳದಲ್ಲಿ ನಾಲ್ಕು ನಾಲ್ಕು ಗಿಡವಿದ್ದರೆ ಮಡ್ಡಿಯಿಂದ ಮಡ್ಡಿಗೆ ಅವು ಊರು ದಾಟಿ ಹೋಗಲು ದಾರಿಯಾಗುತ್ತದೆ.

ತಂಗಡಿಗೆ ಪರಿಮಳವಿಲ್ಲ ಎಂಬುದನ್ನು ಒಪ್ಪುತ್ತೇನೆ. ಜಡೆಗೆ ಮುಡಿಯಲು ಬಾರದು, ಹಾರಕ್ಕೆ ನಿಲ್ಲದು, ಕಿತ್ತ ಸ್ವಲ್ಪ ಹೊತ್ತಿಗೆ ದಳ ಬಾಡುತ್ತದೆ. ಬೇಸಿಗೆ ಮೊದಲಾಗುವಾಗ ಕಂದು ಕಾಯಿಗಳು ಗಿಡದ ತುಂಬ ತೂಗಿ ಕೆಲವರ ಕಣ್ಣಿಗೆ ಒಣಗಿದಂತೆ ಕಾಣುತ್ತದೆ. ಮಲ್ಲಿಗೆಯ ಕೆಲಸವನ್ನು ತಂಗಡಿಯಿಂದ ಬಯಸಬಾರದು. ಔಷಧಿಯ ಬಗೆಗೂ ಒಂದು ಎಚ್ಚರ ಹೇಳಬೇಕು. ಆಯುರ್ವೇದ, ಸಿದ್ಧ ಪದ್ಧತಿಗಳಲ್ಲಿ ಇದರ ಹೂ, ತೊಗಟೆ, ಬೀಜಗಳಿಗೆ ಬಹಳ ಹೆಸರಿದೆ. ಶ್ರೀಲಂಕಾದಲ್ಲಿ ರಣವರಾ ಎಂದು ಒಣ ಹೂವಿನ ಚಹಾ ಮಾಡಿ ಕುಡಿಯುತ್ತಾರೆ. ಸಕ್ಕರೆ ಕಾಯಿಲೆಯ ಇಲಿಗಳ ಮೇಲೆ ಹೂವಿನ ಸಾರ ಪ್ರಯೋಗಿಸಿ ರಕ್ತದ ಸಕ್ಕರೆ ಇಳಿದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಇಲಿಯ ಮೇಲಿನ ಪ್ರಯೋಗ ಮನುಷ್ಯನಿಗೆ ಬರೆದ ಚೀಟಿಯಲ್ಲ. ಅಂಗಳದಲ್ಲಿ ತಂಗಡಿ ಇದೆಯೆಂದು ಡಾಕ್ಟರು ಕೊಟ್ಟ ಗುಳಿಗೆ ಬಿಡುವವರಿದ್ದರೆ ಅವರು ಗಿಡಕ್ಕೂ ಕೆಟ್ಟ ಹೆಸರು ತರುತ್ತಾರೆ, ತಮ್ಮ ಜೀವಕ್ಕೂ ಕುತ್ತು ತಂದುಕೊಳ್ಳುತ್ತಾರೆ.

ಬೆಳೆಸುವ ಬಗೆ ಕಷ್ಟದ್ದಲ್ಲ, ಆದರೆ ಒಂದು ತಪ್ಪನ್ನು ಹೆಚ್ಚಿನವರು ಮಾಡುತ್ತಾರೆ: ಮಡ್ಡಿಯಲ್ಲಿ ಬೆಳೆದ ಗಿಡವನ್ನೇ ಅಗೆದು ತಂದು ನೆಡುತ್ತಾರೆ. ತಾಯಿಬೇರು ಆಳಕ್ಕೆ ಹೋಗಿರುವುದರಿಂದ ಅಗೆಯುವಾಗ ಅದು ತುಂಡಾಗುತ್ತದೆ, ಗಿಡ ಸಾಯುತ್ತದೆ, ಅಡವಿ ಗಿಡ ಮನೆಗೆ ಒಗ್ಗದು ಎಂಬ ತೀರ್ಮಾನ ಹುಟ್ಟುತ್ತದೆ. ಬೀಜದಿಂದಲೇ ಎಬ್ಬಿಸಬೇಕು. ಬೀಜದ ಸಿಪ್ಪೆ ಗಡುಸು. ಕುದಿಸಿ ಕೆಳಗಿಳಿಸಿದ ನೀರಿಗೆ ಬೀಜ ಹಾಕಿ ಒಂದು ರಾತ್ರಿ ಬಿಟ್ಟರೆ ಅಥವಾ ಒರಟು ಕಲ್ಲಿನ ಮೇಲೆ ಮೆಲ್ಲಗೆ ಉಜ್ಜಿದರೆ ಮೊಳಕೆ ಬೇಗ ಬರುತ್ತದೆ. ಮುಂಗಾರು ಹಿಡಿದ ಮೇಲೆ ನೇರ ನೆಲಕ್ಕೇ ಎರಡು ಮೂರು ಬೀಜ ಊರಿ ಗಟ್ಟಿಯಾದ ಒಂದು ಸಸಿಯನ್ನು ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಚೀಲದಲ್ಲಿ ಎಬ್ಬಿಸುವುದಾದರೆ ಉದ್ದನೆಯ ಚೀಲ ಬೇಕು, ಬೇರು ಸುತ್ತಿಕೊಳ್ಳುವ ಮೊದಲೇ ನೆಲ ಕಾಣಿಸಬೇಕು. ದಿನದ ಹೆಚ್ಚು ಹೊತ್ತು ಬಿಸಿಲು ಬೀಳುವ ಜಾಗವೇ ಆಗಬೇಕು, ಮಾವಿನ ಮರದ ನೆರಳಲ್ಲಿ ಹೂ ಬಿಡುವುದಿಲ್ಲ. ಗೊಬ್ಬರ ಹೆಚ್ಚಾದರೆ ಬರೀ ಎಲೆ ಬೆಳೆಯುತ್ತದೆ. ಬೇಲಿಗಾದರೆ ಎರಡು ಮೂರು ಅಡಿಗೊಂದು, ಒಂಟಿಯಾಗಿ ಅಂದ ಕಾಣಲಿಕ್ಕಾದರೆ ಸುತ್ತ ಐದಾರು ಅಡಿ ಬಿಡುವು. ಹೂ ಕಾಣಲು ಸಾಮಾನ್ಯವಾಗಿ ಎರಡನೆಯ ವರ್ಷ ಆಗಬೇಕು. ಕಾಯಿ ಒಣಗಿದ ಮೇಲೆ, ಬೇಸಿಗೆಯ ಕೊನೆಗೆ, ಮೂರನೆಯ ಒಂದು ಭಾಗ ಸವರಿದರೆ ಕಂದು ಕಾಯಿಗಳ ಗೊಂದಲವೂ ಹೋಗುತ್ತದೆ, ಮಳೆಗೆ ಹೊಸ ಟೊಂಗೆ ಒಡೆದು ಹೂ ಒತ್ತಾಗುತ್ತದೆ. ತೊಗಟೆಗೆಂದು ವರ್ಷಗಟ್ಟಲೆ ಕಡಿಸಿಕೊಂಡು ಬುಡದಿಂದ ಮತ್ತೆ ಚಿಗುರುತ್ತಾ ಬಂದ ಗಿಡ ಅದು, ಕತ್ತರಿಗೆ ಹೆದರುವುದಿಲ್ಲ.

ಒಬ್ಬೊಬ್ಬರ ಅಂಗಳದಿಂದ ಆಗುವುದಕ್ಕಿಂತ ಹೆಚ್ಚಿನದು ಊರಿನ ಜಾಗಗಳಲ್ಲಿ ಆಗಬೇಕಿದೆ. ಕುಷ್ಟಗಿಯ ಮೇಲೆ ಹಾಯುವ 50ನೆಯ ರಾಷ್ಟ್ರೀಯ ಹೆದ್ದಾರಿ, ಕೊಪ್ಪಳದ ಮೇಲೆ ಹಾಯುವ 67ನೆಯದು, ಇವುಗಳ ನಡುಪಟ್ಟಿಗೆ ಟ್ಯಾಂಕರಿನಲ್ಲಿ ನೀರುಣಿಸಬೇಕಾದ ಗಿಡಗಳೇ ಏಕಾಗಬೇಕು? ಕೊಪ್ಪಳದ ಗವಿಮಠದ ಸ್ವಾಮಿಗಳು ಮುಂದೆ ನಿಂತು 2019ರಲ್ಲಿ ಜನರನ್ನು ಸೇರಿಸಿ ಹಿರೇಹಳ್ಳದ ಹೂಳು, ಜಾಲಿ ತೆಗೆಸಿದಾಗ ಎಷ್ಟೋ ಮೈಲಿ ದಂಡೆ ಬಯಲಾಯಿತು. ಬಯಲಾದ ದಂಡೆಯನ್ನು ಬರಿದೇ ಬಿಟ್ಟರೆ ಜಾಲಿಯೇ ಮತ್ತೆ ಬರುತ್ತದೆ. ಮಣ್ಣು ಹಿಡಿಯುವ, ದನ ಮೇಯದ ಗಿಡ ಬೇಕೆಂದರೆ ಅಂಥಲ್ಲೇ ತಂಗಡಿ ತನ್ನ ಬೆಲೆ ತೋರಿಸುತ್ತದೆ. ನಗರಸಭೆ, ಪುರಸಭೆಗಳ ಉದ್ಯಾನಕ್ಕೂ ಶಾಲೆಗಳ ಆವರಣಕ್ಕೂ ಇದೇ ಮಾತು. ಗುತ್ತಿಗೆಯ ಪಟ್ಟಿಯಲ್ಲಿ ಈ ಗಿಡದ ಹೆಸರಿಲ್ಲ, ಸಸಿ ಸಿಗುವುದಿಲ್ಲ ಎಂಬ ಉತ್ತರ ಬರುತ್ತದೆಂದು ಬಲ್ಲೆ. ನರ್ಸರಿಯವರು ಕೊಳ್ಳುವವರಿಲ್ಲವೆಂದು ಎಬ್ಬಿಸುವುದಿಲ್ಲ, ಕೊಳ್ಳುವವರು ನರ್ಸರಿಯಲ್ಲಿ ಇಲ್ಲವೆಂದು ಕೇಳುವುದಿಲ್ಲ. ಈ ಗಂಟು ಬಿಚ್ಚಬಲ್ಲವು ಅರಣ್ಯ ಮತ್ತು ತೋಟಗಾರಿಕೆ ಇಲಾಖೆಗಳ ಸಸ್ಯಕ್ಷೇತ್ರಗಳು. ಬೀಜಕ್ಕೆ ದುಡ್ಡಿಲ್ಲ. ಒಂದೊಂದು ಕಾಯಿಯಲ್ಲಿ ಹತ್ತಕ್ಕೂ ಹೆಚ್ಚು ಬೀಜವಿರುತ್ತದೆ. ಚಳಿ ಕಳೆದು ಕಾಯಿ ಗಲಗಲ ಸದ್ದು ಮಾಡುವ ಹೊತ್ತಿಗೆ ಒಂದು ಶಾಲೆಯ ಮಕ್ಕಳು ಊರ ಮಡ್ಡಿಯಲ್ಲಿ ಅರ್ಧ ದಿನ ಆರಿಸಿದರೆ ಸಾವಿರಾರು ಸಸಿಗೆ ಆಗುವಷ್ಟು ಸಿಗುತ್ತದೆ, ಮತ್ತು ಅವನ್ನು ಮುಂಗಾರಿನವರೆಗೆ ಒಣ ಡಬ್ಬಿಯಲ್ಲಿಟ್ಟರೆ ಕೆಡುವುದಿಲ್ಲ. ಮೊದಲ ಸರದಿಯ ಸಸಿಗಳನ್ನು ಬಂದು ಕೇಳಿದವರಿಗೆ ಪುಕ್ಕಟೆ ಕೊಡಲಿ, ಜೊತೆಗೆ ಎರಡು ಸಾಲಿನ ಚೀಟಿ ಇರಲಿ: ಬಿಸಿಲಿರುವ ಕಡೆ ನೆಡಿ, ಹುಳ ಕಂಡರೆ ಔಷಧಿ ಹೊಡೆಯಬೇಡಿ.